ಜೂಜು ಬಿಟ್ಟವನ ಸಾಲದ ಲೆಕ್ಕ: ಬಡ್ಡಿ ದರವನ್ನು ಕೊನೆಗೆ ನೋಡಿ



2021ರ ಮಾರ್ಚ್‌ನಲ್ಲಿ ನಾನು ಇಲ್ಲಿ ತುರ್ತು ನಿಧಿಯ ಬಗ್ಗೆ ಬರೆದಿದ್ದೆ. ಆರು ತಿಂಗಳ ಮನೆಖರ್ಚನ್ನು ಬೇರೆ ಖಾತೆಯಲ್ಲಿ ತೆಗೆದಿಡಿ, ಅದನ್ನು ಮುಟ್ಟಬೇಡಿ ಎಂದು ಎಕ್ಸೆಲ್ ಹಾಳೆ ಸಮೇತ ವಿವರಿಸಿದ್ದೆ. ಹಲವರು ಮೆಚ್ಚಿ ಬರೆದಿದ್ದಿರಿ. ಅದನ್ನು ಪ್ರಕಟಿಸಿದ ರಾತ್ರಿ ನನ್ನ ಖಾತೆ 1,400 ಪೌಂಡ್ ಓವರ್‌ಡ್ರಾಫ್ಟಿನಲ್ಲಿತ್ತು. ಪಕ್ಕದ ಟ್ಯಾಬಿನಲ್ಲಿ ಆನ್‌ಲೈನ್ ರೂಲೆಟ್ ತಿರುಗುತ್ತಿತ್ತು.

ಆಮೇಲೆ ಎಂಟು ತಿಂಗಳು ಇಲ್ಲಿ ಏನೂ ಬರೆಯಲಿಲ್ಲ. ಕೆಲಸದ ಒತ್ತಡ ಎಂದು ಹೇಳಿಕೊಂಡಿದ್ದೆ. ಅದು ಸುಳ್ಳು. ನನಗೆ ಜೂಜಿನ ಚಟವಿತ್ತು. 2018ರಲ್ಲಿ ಐಪಿಎಲ್ ಪಂದ್ಯಗಳ ಮೇಲೆ ಐದು, ಹತ್ತು ಪೌಂಡ್ ಕಟ್ಟುವುದರಿಂದ ಶುರುವಾಗಿ, 2020ರ ಲಾಕ್‌ಡೌನಿನಲ್ಲಿ ಕ್ರಿಕೆಟ್ಟೂ ಫುಟ್ಬಾಲೂ ನಿಂತಾಗ ಕ್ಯಾಸಿನೊ ಆಟಗಳಿಗೆ ಹೋಗಿ, 2021ರ ಅಕ್ಟೋಬರ್ ಹೊತ್ತಿಗೆ ಸುಮಾರು 37,800 ಪೌಂಡ್ ಸಾಲ ಮಾಡಿದ್ದೆ. ಹೋದ ತಿಂಗಳು, 2025ರ ಸೆಪ್ಟೆಂಬರಿನಲ್ಲಿ, ಬ್ಯಾಂಕು ಮತ್ತು ಕಾರ್ಡ್ ಕಂಪನಿಗಳ ಕೊನೆಯ ಕಂತು ಕಟ್ಟಿದೆ. ಇನ್ನೂ ಕೆಲವರಿಗೆ ಕೊಡುವುದಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ಬರೆಯಲು ಇನ್ನೊಂದು ಕಾರಣವಿದೆ. ಈ ವರ್ಷದ ಐಪಿಎಲ್ ಹೊತ್ತಿನಲ್ಲಿ ಇಬ್ಬರು ಓದುಗರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿ ಇಮೇಲ್ ಮಾಡಿದ್ದರು. ನಾಲ್ಕೈದು ಕಡೆ ಸಾಲವಿದೆ, ಎಲ್ಲವನ್ನೂ ಸೇರಿಸಿ ಕಡಿಮೆ ಬಡ್ಡಿಯ ಒಂದೇ ಸಾಲ ಮಾಡಿಕೊಳ್ಳಲೇ ಎಂದು. ಸಾಲ ಹೇಗಾಯಿತು ಎಂದು ಒಬ್ಬರಂತೂ ಹೇಳಲಿಲ್ಲ. ಇನ್ನೊಬ್ಬರು ಮೂರನೇ ಇಮೇಲಿನಲ್ಲಿ ಹೇಳಿದರು. ಇಬ್ಬರಿಗೂ ಆಗ ಚಿಕ್ಕದಾಗಿ ಉತ್ತರಿಸಿದ್ದೆ. ಪೂರ್ತಿ ಉತ್ತರ ಇಲ್ಲಿದೆ.

ಲೆಕ್ಕ ಗೊತ್ತಿದ್ದವನೇ ಆಡಿದ್ದು

ಮೊದಲು ಒಂದು ಮಾತು. ಜೂಜಾಡುವವರಿಗೆ ಗಣಿತ ಗೊತ್ತಿಲ್ಲ ಎಂಬ ನಂಬಿಕೆ ನಮ್ಮ ವಿದ್ಯಾವಂತ ವಲಯದಲ್ಲಿ ಬಲವಾಗಿದೆ. ಯುರೋಪಿಯನ್ ರೂಲೆಟ್ ಚಕ್ರದಲ್ಲಿ 37 ಮನೆಗಳಿವೆ, ಗೆದ್ದರೆ ಕೊಡುವುದು 36 ಮನೆಗಳ ಲೆಕ್ಕದಲ್ಲಿ. ಅಂದರೆ ಪ್ರತಿ ನೂರು ಪೌಂಡಿಗೆ ಸರಾಸರಿ 2.70 ಪೌಂಡ್ ಆಡಿಸುವವರಿಗೆ ಹೋಗುತ್ತದೆ. ಒಂದು ಸುತ್ತಿಗೆ 20 ಪೌಂಡಿನಂತೆ ರಾತ್ರಿಯಿಡೀ 300 ಸುತ್ತು ಆಡಿದರೆ ಚಲಾವಣೆಯಾಗುವುದು 6,000 ಪೌಂಡ್, ನಿರೀಕ್ಷಿತ ನಷ್ಟ 162 ಪೌಂಡ್. ಇದನ್ನು ನಾನು ಆಡುವಾಗಲೇ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಹಗಲಿಡೀ ಕಚೇರಿಯಲ್ಲಿ ಹೂಡಿಕೆ ಪ್ರಸ್ತಾವಗಳ ಅಪಾಯ ತೂಗುವ ಕೆಲಸ ಮಾಡಿ, ರಾತ್ರಿ ಇದನ್ನು ಮಾಡುತ್ತಿದ್ದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ. ಲೆಕ್ಕ ಗೊತ್ತಿದ್ದದ್ದೇ ನನಗೆ ಮುಳುವಾಯಿತು. ಎಲ್ಲ ಸಾಲಗಳನ್ನೂ ಬಡ್ಡಿ ದರ, ಬಾಕಿ, ಕನಿಷ್ಠ ಪಾವತಿ ಎಂದು ಕಾಲಂ ಮಾಡಿ ಹಾಳೆಯಲ್ಲಿ ಜೋಡಿಸಿದ್ದೆ. ಆ ಹಾಳೆ ನೋಡಿದಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದದ್ದು ತೀರಿಸಬೇಕಾದ ಸಾಲವಲ್ಲ, ಗೆಲ್ಲಬೇಕಾದ ಮೊತ್ತ. ‘ಈ ವಾರ 2,000 ಬಂದರೆ ಓವರ್‌ಡ್ರಾಫ್ಟ್ ಮುಗೀತು.’ ಕಳೆದುಕೊಂಡದ್ದನ್ನು ಮರಳಿ ಗೆಲ್ಲಲು ಮತ್ತೆ ಆಡುವುದು ಈ ಕಾಯಿಲೆಯ ಮುಖ್ಯ ಲಕ್ಷಣ. ಸಾಲದ ಪಟ್ಟಿ ಅದಕ್ಕೆ ಗುರಿ ಹಾಕಿಕೊಡುತ್ತದೆ.

ಕಾಯಿಲೆ ಎಂದು ಬೇಕೆಂದೇ ಬರೆದೆ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿ ಡಿಎಸ್‌ಎಂ-5ರಲ್ಲಿ ಜೂಜನ್ನು ಮದ್ಯ, ಮಾದಕ ವಸ್ತುಗಳ ವ್ಯಸನದ ಅಧ್ಯಾಯಕ್ಕೇ ಸೇರಿಸಿತು. ಅದರಲ್ಲಿ ಒಂಬತ್ತು ಲಕ್ಷಣಗಳಿವೆ. ಒಂದು ವರ್ಷದೊಳಗೆ ನಾಲ್ಕು ಕಂಡರೆ ರೋಗವೆಂದು ಗುರುತಿಸುತ್ತಾರೆ. ಆ ಒಂಬತ್ತರಲ್ಲಿ ಒಂದು, ಜೂಜಿನಿಂದ ಬಂದ ಹಣದ ಸಂಕಷ್ಟದಿಂದ ಪಾರಾಗಲು ಇನ್ನೊಬ್ಬರ ಹಣವನ್ನು ನೆಚ್ಚಿಕೊಳ್ಳುವುದು. ಮನೆಯವರು ‘ಕೊನೆಯ ಸಲ’ ಎಂದು ಸಾಲ ತೀರಿಸಿಕೊಡುತ್ತಾರಲ್ಲ, ಅದನ್ನು ನೆಚ್ಚುವುದೇ ಕಾಯಿಲೆಯ ಲಕ್ಷಣಗಳ ಪಟ್ಟಿಯಲ್ಲಿದೆ.

ಭಾವನ ಆರು ಲಕ್ಷ

2021ರ ಜನವರಿಯಲ್ಲಿ ನಾನು ಊರಿನಲ್ಲಿದ್ದ ಭಾವನಿಗೆ ಫೋನ್ ಮಾಡಿ, ಇಲ್ಲಿ ಷೇರಿನಲ್ಲಿ ಸ್ವಲ್ಪ ಪೆಟ್ಟು ತಿಂದೆ ಎಂದೆ. ಭಾವ ಹೆಚ್ಚು ಕೇಳಲಿಲ್ಲ. ‘ಎಷ್ಟು ಬೇಕು ಹೇಳು ಮಾರಾಯ’ ಎಂದರು. ಆರು ಲಕ್ಷ ರೂಪಾಯಿ ಕಳಿಸಿದರು. ಆಗಿನ ದರದಲ್ಲಿ ಸುಮಾರು 6,000 ಪೌಂಡ್.

ಆ ಹಣವನ್ನು ನಾನು ಜೂಜಿಗೆ ಹಾಕಲಿಲ್ಲ. ಹೇಳಿದ ಮಾತಿನಂತೆ ಎರಡು ಕ್ರೆಡಿಟ್ ಕಾರ್ಡಿನ ಬಾಕಿ ಕಟ್ಟಿದೆ. ಯಾವ ಹಣಕಾಸು ಸಲಹೆಗಾರನಾದರೂ ಇದನ್ನೇ ಹೇಳುತ್ತಿದ್ದ. ಶೇ. 25ರಿಂದ 30ರ ಬಡ್ಡಿಯ ಸಾಲವನ್ನು ಬಡ್ಡಿಯಿಲ್ಲದ ಕೈಸಾಲದಿಂದ ತೀರಿಸಿದರೆ ತಪ್ಪೇನು? ತಪ್ಪಾದದ್ದು ಇದು: ಬಾಕಿ ಸೊನ್ನೆಯಾದ ಕಾರ್ಡನ್ನು ನಾನು ರದ್ದು ಮಾಡಲಿಲ್ಲ. ಮಾರನೆಯ ದಿನ ಆ್ಯಪ್‌ನಲ್ಲಿ ಪೂರ್ತಿ ಮಿತಿ ಮತ್ತೆ ಹಸಿರಾಗಿ ಕಾಣಿಸಿತು.

ಬ್ರಿಟನ್ನಿನಲ್ಲಿ 2020ರ ಏಪ್ರಿಲ್ 14ರಿಂದ ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವಂತಿಲ್ಲ. ಹಾಗಾದರೆ ಹೇಗೆ ಎಂದು ಕೇಳುತ್ತೀರಿ. ಮನೆಯ ದಿನಸಿ, ಪೆಟ್ರೋಲು, ಮಗಳ ಈಜು ತರಗತಿ ಎಲ್ಲವೂ ಕಾರ್ಡಿಗೆ. ಸಂಬಳ ಪೂರ್ತಿ ಬೆಟ್ಟಿಂಗಿಗೆ. ಏಪ್ರಿಲ್‌ನಲ್ಲಿ ಐಪಿಎಲ್ ಬಂತು, ಜೂನ್‌ನಲ್ಲಿ ಯುರೋ ಕಪ್. ಜುಲೈ ಹೊತ್ತಿಗೆ ಎರಡೂ ಕಾರ್ಡು ಮತ್ತೆ ತುಂಬಿದ್ದವು. ಅವುಗಳ ಜೊತೆಗೆ ಒಂದು ಹೊಸ ವೈಯಕ್ತಿಕ ಸಾಲ, ಮತ್ತು ಭಾವನ ಆರು ಲಕ್ಷ.

ಮಹಾಭಾರತದಲ್ಲಿ ಎರಡು ಸಲ ದ್ಯೂತ ನಡೆಯುತ್ತದೆ ಎನ್ನುವುದನ್ನು ನಾವು ಮರೆಯುತ್ತೇವೆ. ಮೊದಲ ಸಲ ಧರ್ಮರಾಯ ಎಲ್ಲವನ್ನೂ ಸೋತ ಮೇಲೆ ಧೃತರಾಷ್ಟ್ರ ದ್ರೌಪದಿಗೆ ವರ ಕೊಟ್ಟು, ರಾಜ್ಯವನ್ನೂ ಹಿಂದಿರುಗಿಸಿ ಕಳಿಸುತ್ತಾನೆ. ಸಾಲ ಪೂರ್ತಿ ಮನ್ನಾ. ಪಾಂಡವರು ಇಂದ್ರಪ್ರಸ್ಥಕ್ಕೆ ಹೊರಟ ದಾರಿಯಲ್ಲೇ ಮತ್ತೊಂದು ಕರೆ ಬರುತ್ತದೆ, ಧರ್ಮರಾಯ ವಾಪಸ್ ಬಂದು ಕೂರುತ್ತಾನೆ. ವನವಾಸ ಆದದ್ದು ಆ ಎರಡನೇ ಆಟದಿಂದ. ಚಿಕ್ಕಂದಿನಲ್ಲಿ ತಾಳಮದ್ದಳೆಯಲ್ಲಿ ಕೇಳುವಾಗ ಇವನಿಗೆ ಬುದ್ಧಿ ಇಲ್ಲವೇ ಅನ್ನಿಸುತ್ತಿತ್ತು. ಈಗ ಆ ಭಾಗವೇ ನನಗೆ ಎಲ್ಲಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ಆದ್ದರಿಂದ ಆ ಇಬ್ಬರು ಓದುಗರಿಗೆ ನನ್ನ ಉತ್ತರ: ಬೇಡ. ಕಾಯಿಲೆಯಿಂದಲೋ ಕೆಲಸ ಹೋದದ್ದರಿಂದಲೋ ಸಾಲವಾದವರಿಗೆ ಒಟ್ಟುಗೂಡಿಸಿದ ಸಾಲ ಒಳ್ಳೆಯದೇ ಆಗಬಹುದು. ಜೂಜಿನಿಂದ ಸಾಲವಾದವನಿಗೆ, ಅವನು ಬಿಟ್ಟ ಮೊದಲ ವರ್ಷದಲ್ಲಿ, ಅದು ಕಾರ್ಡುಗಳ ಮಿತಿಯನ್ನು ಖಾಲಿ ಮಾಡಿಕೊಡುವ ಯಂತ್ರ. ಬಡ್ಡಿಯಲ್ಲಿ ತಿಂಗಳಿಗೆ ಇನ್ನೂರು ಪೌಂಡ್ ಉಳಿಸಿ, ಇಪ್ಪತ್ತು ಸಾವಿರದ ಬಾಗಿಲು ತೆರೆದಿಟ್ಟಂತೆ.

ಮೊದಲು ನಲ್ಲಿಗಳು

2021ರ ಅಕ್ಟೋಬರಿನಲ್ಲಿ ಅಲ್ಪಾವಧಿ ಸಾಲದ ಕಂಪನಿಯಿಂದ ಬಂದ ಪತ್ರವನ್ನು ಹೆಂಡತಿ ತೆರೆದಳು. ಆ ರಾತ್ರಿಯ ವಿವರ ಬೇಡ. ಮಾರನೆಯ ಬೆಳಿಗ್ಗೆ ಅವಳೇ ನ್ಯಾಷನಲ್ ಗ್ಯಾಂಬ್ಲಿಂಗ್ ಹೆಲ್ಪ್‌ಲೈನಿಗೆ (0808 8020 133) ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು. ಸಾಲ ಎಷ್ಟು ಎಂದು ಅವರು ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, ಈಗ ನಿಮ್ಮ ಕೈಗೆ ಹಣ ಯಾವ ಯಾವ ದಾರಿಯಿಂದ ಬರುತ್ತದೆ ಎಂದು.

ಅಂದು ಮಧ್ಯಾಹ್ನ ಗ್ಯಾಮ್‌ಸ್ಟಾಪ್‌ನಲ್ಲಿ ಹೆಸರು ನೋಂದಾಯಿಸಿದೆ. ಇದು ಉಚಿತ. ಗ್ರೇಟ್ ಬ್ರಿಟನ್ನಿನಲ್ಲಿ ಪರವಾನಗಿ ಇರುವ ಎಲ್ಲ ಆನ್‌ಲೈನ್ ಜೂಜು ಕಂಪನಿಗಳೂ ಇದಕ್ಕೆ ಸೇರಲೇಬೇಕು. ಆರು ತಿಂಗಳು, ಒಂದು ವರ್ಷ, ಐದು ವರ್ಷ ಎಂದು ಅವಧಿ ಆರಿಸಿಕೊಳ್ಳಬಹುದು, ನಡುವೆ ಮನಸ್ಸು ಬದಲಾಯಿತೆಂದು ರದ್ದು ಮಾಡಲಾಗುವುದಿಲ್ಲ. ಐದು ವರ್ಷವನ್ನೇ ಆರಿಸಿ. ನಿಮ್ಮ ಎಲ್ಲ ಇಮೇಲ್ ವಿಳಾಸಗಳನ್ನೂ ಫೋನ್ ನಂಬರುಗಳನ್ನೂ ಕೊಡಿ. ಒಂದನ್ನು ಉಳಿಸಿಕೊಂಡರೆ ಯಾಕೆ ಉಳಿಸಿಕೊಂಡಿರಿ ಎಂದು ನಿಮಗೇ ಗೊತ್ತಿರುತ್ತದೆ. ಪರವಾನಗಿ ಇಲ್ಲದ ಹೊರದೇಶದ ಜಾಲತಾಣಗಳಿಗೆ ಇದು ತಾಗುವುದಿಲ್ಲ. ಅವುಗಳಿಗಾಗಿ ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ತಡೆಯುವ ತಂತ್ರಾಂಶ ಹಾಕಿಸಿದೆ.

ಬ್ಯಾಂಕಿನ ಆ್ಯಪ್‌ನಲ್ಲಿ ಜೂಜು ತಡೆಯುವ ಸ್ವಿಚ್ ಇದೆ, ಹಾಕಿ. ಆದರೆ ಅದರ ಕೆಲಸ ಎಷ್ಟೆಂದು ತಿಳಿದಿರಲಿ. ಕಾರ್ಡ್ ವ್ಯವಹಾರದಲ್ಲಿ ಪ್ರತಿ ವ್ಯಾಪಾರಿಗೂ ಒಂದು ವರ್ಗದ ಸಂಖ್ಯೆ ಇರುತ್ತದೆ, ಜೂಜಿನದು 7995. ಬ್ಯಾಂಕು ತಡೆಯುವುದು ಈ ಸಂಖ್ಯೆಯ ಕಾರ್ಡ್ ಪಾವತಿಯನ್ನು. ನೇರ ವರ್ಗಾವಣೆಯೋ ಇ-ವ್ಯಾಲೆಟ್ಟೋ ಬಳಸಿದರೆ ಅದು ಸಿಗದೆ ಹೋಗಬಹುದು.

ಹಾಗಾಗಿ ನಿಜವಾದ ತಡೆ ಒಂದೇ, ಹಣ ನನ್ನ ಕೈಗೆ ಬರದಿರುವುದು. ಮುಂದಿನ ತಿಂಗಳಿನಿಂದ ನನ್ನ ಸಂಬಳ ಹೆಂಡತಿಯ ಖಾತೆಗೆ ಹೋಗತೊಡಗಿತು. ಜಂಟಿ ಖಾತೆಗಲ್ಲ, ಅವಳೊಬ್ಬಳ ಖಾತೆಗೆ. ಇಲ್ಲಿ ಒಂದು ಸೂಕ್ಷ್ಮವಿದೆ: ಬ್ರಿಟನ್ನಿನಲ್ಲಿ ಜಂಟಿ ಖಾತೆ ತೆರೆದರೆ ಇಬ್ಬರ ಕ್ರೆಡಿಟ್ ದಾಖಲೆಗೂ ನಂಟು ಬೀಳುತ್ತದೆ, ನನ್ನ ಕಳಂಕ ಅವಳಿಗೂ ತಗುಲುತ್ತದೆ. ನನಗೆ ವಾರಕ್ಕೆ 40 ಪೌಂಡ್ ನಗದು. ನಲವತ್ತರ ಗಂಡಸು ಭಾನುವಾರ ರಾತ್ರಿ ಅಡುಗೆಮನೆಯಲ್ಲಿ ನಿಂತು ವಾರದ ಖರ್ಚಿನ ಚೀಟಿ ಕೊಟ್ಟು ಎರಡು ಇಪ್ಪತ್ತರ ನೋಟು ಇಸಿದುಕೊಳ್ಳುವುದು ಸುಲಭವಲ್ಲ. ಸಹೋದ್ಯೋಗಿಗಳು ಊಟಕ್ಕೆ ಕರೆದರೆ ಡಬ್ಬಿ ತಂದಿದ್ದೇನೆ ಎನ್ನುತ್ತಿದ್ದೆ. ನಿಜಕ್ಕೂ ತಂದಿರುತ್ತಿದ್ದೆ.

ಇನ್ನೊಂದು ಉಪಾಯ ಕಡಿಮೆ ಜನಕ್ಕೆ ಗೊತ್ತು. ಕ್ರೆಡಿಟ್ ದಾಖಲೆ ಇಡುವ ಸಂಸ್ಥೆಗಳಿಗೆ ಬರೆದು, ನಿಮ್ಮ ಕಡತಕ್ಕೆ 200 ಪದಗಳೊಳಗಿನ ಒಂದು ಟಿಪ್ಪಣಿ ಸೇರಿಸಬಹುದು. ನೋಟಿಸ್ ಆಫ್ ಕರೆಕ್ಷನ್ ಎನ್ನುತ್ತಾರೆ. ‘ನನಗೆ ಜೂಜಿನ ತೊಂದರೆ ಇದೆ, ದಯವಿಟ್ಟು ನನಗೆ ಸಾಲ ಕೊಡಬೇಡಿ’ ಎಂದು ಮೂರೂ ಸಂಸ್ಥೆಗಳಿಗೆ ಬರೆದೆ. ನನ್ನ ಜೀವನದಲ್ಲಿ ಬರೆದ ಅತಿ ಉಪಯುಕ್ತ ಹಣಕಾಸು ಬರಹ ಅದೇ ಇರಬೇಕು.

ಆಮೇಲೆ ಸಾಲ, ನಿಧಾನವಾಗಿ

ಸಾಲದ ಪಟ್ಟಿ ಹೀಗಿತ್ತು. ಒಂದು ಕಾರ್ಡಿನಲ್ಲಿ 7,800 ಪೌಂಡ್, ಇನ್ನೊಂದರಲ್ಲಿ 5,400, ವೈಯಕ್ತಿಕ ಸಾಲ 11,200, ಓವರ್‌ಡ್ರಾಫ್ಟ್ 2,000, ಅಲ್ಪಾವಧಿ ಸಾಲ 900. ಒಟ್ಟು 27,300. ಇದಲ್ಲದೆ ಇಲ್ಲಿನ ಮೂವರು ಕನ್ನಡದ ಗೆಳೆಯರಿಂದ 4,500, ಭಾವನಿಂದ ಆರು ಲಕ್ಷ. ಅಲ್ಪಾವಧಿ ಸಾಲದ್ದನ್ನು ಬಿಟ್ಟು, ಬಡ್ಡಿ ಮಾತ್ರವೇ ತಿಂಗಳಿಗೆ 450 ಪೌಂಡ್ ದಾಟುತ್ತಿತ್ತು.

ಈ ದೇಶದಲ್ಲಿ ಸಾಲದ ಸಲಹೆಗೆ ದುಡ್ಡು ಕೊಡಬೇಕಾಗಿಲ್ಲ. ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್ ಎರಡೂ ಉಚಿತ. ಹಣ ಕೇಳುವ ಕಂಪನಿಯ ಜಾಹೀರಾತು ಮೊದಲು ಕಣ್ಣಿಗೆ ಬೀಳುತ್ತದೆ, ಅದನ್ನು ದಾಟಿ ಹೋಗಿ. ಸಲಹೆಗಾರ್ತಿ ಮೊದಲು ಮಾಡಿಸಿದ ಕೆಲಸ ಸಾಲಗಳನ್ನು ಬಡ್ಡಿ ದರದ ಪ್ರಕಾರವಲ್ಲ, ಕಟ್ಟದಿದ್ದರೆ ಏನಾಗುತ್ತದೆ ಎಂಬುದರ ಪ್ರಕಾರ ಜೋಡಿಸುವುದು. ಮನೆ ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ಗ್ಯಾಸು, ಕರೆಂಟು ಮೊದಲು. ಇವುಗಳಿಗೆ ಬಡ್ಡಿ ಹೆಚ್ಚಿಲ್ಲ, ಆದರೆ ಕಟ್ಟದಿದ್ದರೆ ಮನೆ ಹೋಗುತ್ತದೆ, ಮನೆಬಾಗಿಲಿಗೆ ವಸೂಲಿಯವರು ಬರುತ್ತಾರೆ. ಶೇ. 40ರ ಬಡ್ಡಿಯ ಓವರ್‌ಡ್ರಾಫ್ಟ್, ಕಾರ್ಡು ಎಲ್ಲ ಆಮೇಲೆ. ಎಂಬಿಎ ಮಾಡಿದವನಿಗೆ ಇದು ತಲೆಕೆಳಗಾಗಿ ಕಂಡಿತು. ಫೋನ್ ಮಾಡಿ ಗದರಿಸುವವರಿಗೇ ಮೊದಲು ಕೊಟ್ಟು, ಸುಮ್ಮನಿರುವ ಕೌನ್ಸಿಲ್ಲಿಗೆ ಎರಡು ತಿಂಗಳು ಬಾಕಿ ಉಳಿಸಿಕೊಂಡಿದ್ದೆ.

ಎರಡನೆಯದು ಬ್ರೀದಿಂಗ್ ಸ್ಪೇಸ್. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ 4ರಂದು ಜಾರಿಗೆ ಬಂದ ಯೋಜನೆ. ಸಲಹೆಗಾರರ ಮೂಲಕ ಅರ್ಜಿ ಹಾಕಿದರೆ 60 ದಿನ ಹೆಚ್ಚಿನ ಸಾಲಗಳ ಮೇಲೆ ಬಡ್ಡಿ, ದಂಡ ನಿಲ್ಲುತ್ತದೆ, ವಸೂಲಿ ಕ್ರಮವೂ ನಿಲ್ಲುತ್ತದೆ. ಹನ್ನೆರಡು ತಿಂಗಳಲ್ಲಿ ಒಂದೇ ಸಲ ಸಿಗುತ್ತದೆ. ಮಾನಸಿಕ ಆರೋಗ್ಯದ ತುರ್ತು ಚಿಕಿತ್ಸೆಯಲ್ಲಿ ಇರುವವರಿಗೆ ಬೇರೆ ವಿಧದ್ದಿದೆ. ಚಿಕಿತ್ಸೆ ನಡೆಯುವಷ್ಟು ಕಾಲ ಮತ್ತು ಅದರ ಮೇಲೆ 30 ದಿನ. ಆ ಅರವತ್ತು ದಿನಗಳಲ್ಲಿ ಫೋನ್ ರಿಂಗಾಗಲಿಲ್ಲ. ಸಾಲ ಒಂದು ಪೈಸೆ ಕಡಿಮೆಯಾಗಿರಲಿಲ್ಲ, ಆದರೂ ನಾನು ಆರು ಗಂಟೆ ನಿದ್ದೆ ಮಾಡಿದೆ.

ಮೂರನೆಯದು ಡೆಟ್ ಮ್ಯಾನೇಜ್‌ಮೆಂಟ್ ಪ್ಲಾನ್. 2022ರ ಜನವರಿಯಿಂದ ತಿಂಗಳಿಗೆ 640 ಪೌಂಡ್, ಎಲ್ಲರಿಗೂ ಅವರವರ ಬಾಕಿಯ ಪ್ರಮಾಣದಲ್ಲಿ ಹಂಚಿಕೆ. ಬಡ್ಡಿ ನಿಲ್ಲಿಸಲೇಬೇಕೆಂಬ ಕಾನೂನು ಇದಕ್ಕಿಲ್ಲ, ಹೆಚ್ಚಿನವರು ನಿಲ್ಲಿಸಿದರು. ವೈಯಕ್ತಿಕ ಸಾಲ ಕೊಟ್ಟವರು ವರ್ಷದ ಮೇಲೆ ಎಳೆದಾಡಿ ನಿಲ್ಲಿಸಿದರು. ಅದರಿಂದ ಸುಮಾರು 1,500 ಪೌಂಡ್ ಹೆಚ್ಚಾಯಿತು. ಒಟ್ಟು 45 ಕಂತು, 28,800 ಪೌಂಡ್.

ನಾಲ್ಕು ವರ್ಷ ಎಂದಾಗ ನನಗೆ ಎದೆ ಒಡೆದಿತ್ತು. ಆದರೆ ಈ ನಿಧಾನವೇ ಒಂದು ಬಗೆಯ ಔಷಧ ಎಂದು ಈಗ ಅನ್ನಿಸುತ್ತದೆ. ಜೂಜು ಕಲಿಸುವುದು ಎಲ್ಲವೂ ಒಂದೇ ರಾತ್ರಿಯಲ್ಲಿ ಸರಿಹೋಗುತ್ತದೆ ಎಂಬುದನ್ನು. ಪ್ರತಿ ತಿಂಗಳ ಒಂದನೇ ತಾರೀಕು ಅದೇ 640 ಹೋಗುವುದನ್ನು ನೋಡುತ್ತ ನೋಡುತ್ತ ಆ ಪಾಠ ಸವೆಯುತ್ತದೆ. ಇದಕ್ಕೆ ಬೆಲೆಯೂ ಇದೆ. ಡಿಫಾಲ್ಟ್ ಗುರುತು ಕ್ರೆಡಿಟ್ ದಾಖಲೆಯಲ್ಲಿ ಆರು ವರ್ಷ ಇರುತ್ತದೆ. ಸಾಲ ಮುಗಿದರೂ ನಮ್ಮ ಮನೆ ಕೊಳ್ಳುವ ಮಾತು 2028ರ ತನಕ ಇಲ್ಲ. ಮಗಳು ಆಗ ಹೈಸ್ಕೂಲು ಮುಗಿಸುತ್ತಿರುತ್ತಾಳೆ.

ಐವಿಎ ಎಂಬ ಇನ್ನೊಂದು ದಾರಿ ಇದೆ. ಐದಾರು ವರ್ಷ ಕಟ್ಟಿ, ಉಳಿದದ್ದು ಮನ್ನಾ. ಮತ ಹಾಕುವ ಸಾಲದವರಲ್ಲಿ, ಮೊತ್ತದ ಲೆಕ್ಕದಲ್ಲಿ, ಶೇ. 75ರಷ್ಟು ಒಪ್ಪಬೇಕು. ಬ್ಯಾಂಕ್ರಪ್ಟ್ಸಿಯೂ ಇದೆ. ಆದರೆ ಗಮನಿಸಿ, ಜೂಜಿನಿಂದ ದಿವಾಳಿಯಾದರೆ ಅದನ್ನು ತಪ್ಪು ನಡವಳಿಕೆ ಎಂದು ಪರಿಗಣಿಸಲು ಇಲ್ಲಿನ ದಿವಾಳಿ ಕಾನೂನಿನಲ್ಲೇ ಅವಕಾಶವಿದೆ, ನಿರ್ಬಂಧಗಳು 2ರಿಂದ 15 ವರ್ಷದವರೆಗೆ ಮುಂದುವರಿಯಬಹುದು. ಹಣಕಾಸು ವಲಯದಲ್ಲಿ ಕೆಲಸ ಮಾಡುವವರು ಇನ್ನೂ ಎಚ್ಚರವಾಗಿರಬೇಕು. ಎಫ್‌ಸಿಎ ನಿಯಮಗಳಡಿ ಕೆಲವು ಹುದ್ದೆಗಳಿಗೆ ವೈಯಕ್ತಿಕ ಆರ್ಥಿಕ ಸುಸ್ಥಿತಿಯೂ ಅರ್ಹತೆಯ ಭಾಗ. ಸಹಿ ಹಾಕುವ ಮೊದಲು ನಿಮ್ಮ ಕೆಲಸದ ಕರಾರು ತೆಗೆದು ಓದಿ. ನಾನು ಈ ಎರಡನ್ನೂ ಬಿಟ್ಟದ್ದು ಆ ಕಾರಣಕ್ಕೆ.

ಹೂಡಿಕೆ ಎಂಬ ವೇಷ

ಈಗ ಈ ಬ್ಲಾಗಿನ ಓದುಗರಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ. ನಾನು ಜೂಜು ಬಿಟ್ಟ ದಿನ 2021ರ ಅಕ್ಟೋಬರ್ 17 ಎಂದು ಕೆಲವು ತಿಂಗಳು ಹೇಳಿಕೊಳ್ಳುತ್ತಿದ್ದೆ. ಈಗ ಹೇಳುವ ದಿನಾಂಕ 2022ರ ಮಾರ್ಚ್ 9.

ಫೆಬ್ರವರಿ 24ಕ್ಕೆ ರಷ್ಯಾ ಯುಕ್ರೇನಿನ ಮೇಲೆ ದಾಳಿ ಮಾಡಿತು. ಕಚ್ಚಾ ತೈಲ ಏರುತ್ತಿತ್ತು. ಅದೇ ವಾರ ಕಚೇರಿಯ ಪ್ರಯಾಣ ಖರ್ಚಿನ 600 ಪೌಂಡ್ ಮರುಪಾವತಿ ನನ್ನ ಹಳೆಯ ಖಾತೆಗೆ ಬಿತ್ತು. ಸಂಬಳದ ನಲ್ಲಿ ಮುಚ್ಚಿದ್ದೆವು, ಇದು ನೆನಪಾಗಿರಲಿಲ್ಲ. ಒಂದು ಆ್ಯಪ್‌ನಲ್ಲಿ ತೈಲದ ಮೇಲೆ ಸಿಎಫ್‌ಡಿ ತೆಗೆದುಕೊಂಡೆ. ಗ್ಯಾಮ್‌ಸ್ಟಾಪ್ ಇದನ್ನು ತಡೆಯುವುದಿಲ್ಲ, ಇದು ಜೂಜಲ್ಲವಲ್ಲ. ‘ಜಾಗತಿಕ ಪೂರೈಕೆಯ ವಿಶ್ಲೇಷಣೆ’ ಎಂದು ನನಗೆ ನಾನೇ ಹೇಳಿಕೊಂಡೆ. ಆರುನೂರು ಒಂದು ಹಂತದಲ್ಲಿ ಎರಡು ಸಾವಿರ ದಾಟಿತು. ಆ ಹಳೆಯ ಹಾಳೆ ಮತ್ತೆ ತೆರೆದೆ. ಮಾರ್ಚ್ 9ಕ್ಕೆ ಬ್ರೆಂಟ್ ಒಂದೇ ದಿನದಲ್ಲಿ ಶೇ. 13ರಷ್ಟು ಬಿತ್ತು, ನನ್ನ ಖಾತೆ ಮುಗಿಯಿತು. ಬಾತ್‌ರೂಮಿನಲ್ಲಿ ಕೂತು ಫೋನ್ ನೋಡುತ್ತಿದ್ದೆ. ರೂಲೆಟ್ ಕಾಲದಲ್ಲೂ ಅಲ್ಲೇ ಕೂರುತ್ತಿದ್ದೆ. ಅಷ್ಟರಿಂದಲೇ ನನಗೆ ಗೊತ್ತಾಗಬೇಕಿತ್ತು.

ಆ ಸಂಜೆ ಹೆಂಡತಿಗೆ ನಾನೇ ಹೇಳಿದೆ. ಅವಳು ಅರ್ಧ ಗಂಟೆ ಮಾತಾಡಲಿಲ್ಲ, ಆಮೇಲೆ ಒಂದು ಕಾಗದ ತೆಗೆದು, ಇನ್ನೇನೇನು ಹಣ ಎಲ್ಲೆಲ್ಲಿಂದ ಬರಬಹುದು ಎಂದು ಬರೆಸಿಕೊಂಡಳು. ಕಚೇರಿಯ ಮರುಪಾವತಿ, ಬೋನಸ್ಸು, ತೆರಿಗೆ ವಾಪಸಾತಿ, ಗೆಳೆಯರು ಊಟದ ಬಿಲ್ ಹಂಚಿಕೊಂಡು ಕಳಿಸುವುದು, ಊರಿನ ಎನ್‌ಆರ್‌ಒ ಖಾತೆಗೆ ಬರುವ ಬಾಡಿಗೆ. ನೀವೂ ಈ ಪಟ್ಟಿ ಮಾಡುವುದಿದ್ದರೆ ಒಬ್ಬರೇ ಮಾಡಬೇಡಿ.

ಊರಿನ ಎಫ್ ಆ್ಯಂಡ್ ಒ ವ್ಯವಹಾರಕ್ಕೂ ಇದೇ ಮಾತು. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ವರ್ಷಗಳಲ್ಲಿ ಈಕ್ವಿಟಿ ಎಫ್ ಆ್ಯಂಡ್ ಒದಲ್ಲಿ ವ್ಯವಹರಿಸಿದ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಎಲ್ಲರೂ ಚಟಕ್ಕೆ ಬಿದ್ದವರಲ್ಲ, ಒಪ್ಪುತ್ತೇನೆ. ಆದರೆ ಜೂಜು ಬಿಟ್ಟವನು ಅಲ್ಲಿಗೆ ಹೋದರೆ ಅವನು ಹೂಡಿಕೆದಾರನಾಗಿ ಹೋಗುತ್ತಿಲ್ಲ. ನನ್ನ ಈಗಿನ ಹೂಡಿಕೆ ಕಚೇರಿಯ ಪಿಂಚಣಿ ಒಂದೇ, ಜಾಗತಿಕ ಸೂಚ್ಯಂಕ ನಿಧಿಯಲ್ಲಿ. ಅದರ ಆ್ಯಪ್ ನನ್ನ ಫೋನಿನಲ್ಲಿಲ್ಲ. ಷೇರುಗಳ ಬಗ್ಗೆ ಇಲ್ಲಿ ಯಾಕೆ ಬರೆಯುವುದು ನಿಲ್ಲಿಸಿದೆ ಎಂದು ಕೇಳಿದ್ದವರಿಗೆ ಉತ್ತರ ಸಿಕ್ಕಿತು.

ಅಪ್ಪಯ್ಯನ ತೋಟ

ವಿಷಯ ಊರಿಗೆ ತಿಳಿದಾಗ ಅಪ್ಪಯ್ಯ ಹೆಚ್ಚು ಬೈಯಲಿಲ್ಲ. ಮನೆ ಹಿಂದಿನ ಮುಕ್ಕಾಲು ಎಕರೆ ಅಡಿಕೆ ತೋಟ ಅವರ ಹೆಸರಿನಲ್ಲಿದೆ, ತೀರ್ಥಹಳ್ಳಿ ಕಡೆ. ‘ಅದನ್ನ ಕೊಟ್ಟುಬಿಡುವ. ನೀ ತಲೆಬಿಸಿ ಮಾಡ್ಕಬೇಡ ಮಾರಾಯ’ ಎಂದರು. ಕೊಳ್ಳುವವರೂ ಪಕ್ಕದಲ್ಲೇ ಇದ್ದರು. ಒಂದೇ ಏಟಿಗೆ ಎಲ್ಲ ಸಾಲ ತೀರುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಆಸೆಯಾಯಿತು.

ಬೇಡ ಎಂದವಳು ಹೆಂಡತಿ. ‘ಮಾವ, ತೋಟ ಮಾರಿದ್ರೆ ಇವರಿಗೆ ಸಾಲ ಇರಲ್ಲ, ಕಾಯಿಲೆ ಇರತ್ತೆ. ಆಮೇಲೆ ಮಾರೋಕೂ ಏನೂ ಇರಲ್ಲ’ ಎಂದು ಸ್ಪೀಕರ್ ಫೋನಿನಲ್ಲೇ ಹೇಳಿದಳು. ಅಪ್ಪಯ್ಯನಿಗೆ ಮೊದಲು ಬೇಸರವಾಯಿತು. ಸೊಸೆ ಕಲ್ಲುಮನಸ್ಸಿನವಳು ಎಂದು ಅಮ್ಮನ ಹತ್ತಿರ ಹೇಳಿದರಂತೆ. ನಮ್ಮ ಮನೆಗಳಲ್ಲಿ ಮಗನ ಸಾಲ ತೀರಿಸುವುದೇ ಪ್ರೀತಿ, ಮರ್ಯಾದೆ ಉಳಿಸುವುದೇ ಸಹಾಯ. ಓದುತ್ತಿರುವ ನೀವು ಜೂಜಾಡುವವರ ಅಣ್ಣನೋ ಅಕ್ಕನೋ ಹೆಂಡತಿಯೋ ಆಗಿದ್ದರೆ, ದಯವಿಟ್ಟು ಅವರ ಕೈಗೆ ಹಣ ಕೊಡಬೇಡಿ. ಕೊಡಲೇಬೇಕೆನ್ನಿಸಿದರೆ ಬಾಡಿಗೆಯನ್ನು ಮನೆ ಮಾಲೀಕರಿಗೆ ಕಟ್ಟಿ, ಮಕ್ಕಳ ಶುಲ್ಕವನ್ನು ನೇರ ಶಾಲೆಗೆ ಕಟ್ಟಿ. ಸಾಲಕ್ಕೆ ಜಾಮೀನು ನಿಲ್ಲಬೇಡಿ.

ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ. ಸಾಲ ಮತ್ತು ನಾಚಿಕೆ ಸೇರಿ ಕೆಲವರನ್ನು ಬದುಕೇ ಬೇಡ ಎನ್ನುವಲ್ಲಿಗೆ ಒಯ್ಯುತ್ತವೆ. ಆ ಯೋಚನೆ ನನಗೂ ಬಂದಿತ್ತು. ಅದು ಬಂದ ರಾತ್ರಿ ಸಾಲದ ಸಲಹೆಗಾರರಲ್ಲ, ಡಾಕ್ಟರು ಬೇಕು. ಬ್ರಿಟನ್ನಿನಲ್ಲಿ ಸಮಾರಿಟನ್ಸ್ ಸಂಖ್ಯೆ 116 123, ದಿನದ ಯಾವ ಹೊತ್ತಿನಲ್ಲೂ ಎತ್ತುತ್ತಾರೆ. ಎನ್‌ಎಚ್‌ಎಸ್‌ನ ಜೂಜು ಚಿಕಿತ್ಸಾಲಯಗಳಿಗೆ ಜಿಪಿ ಪತ್ರವಿಲ್ಲದೆ ನೀವೇ ಅರ್ಜಿ ಹಾಕಬಹುದು. ಮೊದಲನೆಯದು ಲಂಡನ್ನಿನಲ್ಲಿ 2008ರಲ್ಲೇ ಶುರುವಾಯಿತು.

ಬೇರೆ ದೇಶಗಳಲ್ಲಿರುವವರಿಗೆ ಎರಡು ಮಾತು. ಆಸ್ಟ್ರೇಲಿಯಾದಲ್ಲಿ 2023ರ ಆಗಸ್ಟಿನಿಂದ ಬೆಟ್‌ಸ್ಟಾಪ್ ಇದೆ, ಜರ್ಮನಿಯಲ್ಲಿ ಓಯಸಿಸ್. ಸಿಂಗಪುರದಲ್ಲಿ ಕುಟುಂಬದವರೇ ಅರ್ಜಿ ಹಾಕಿ ಒಬ್ಬರನ್ನು ಕ್ಯಾಸಿನೊದಿಂದ ಹೊರಗಿಡಿಸುವ ವ್ಯವಸ್ಥೆ ಇದೆ. ಇದು ಬೇರೆ ದೇಶಗಳಿಗೂ ಬರಬೇಕು ಎಂದು ನನ್ನ ಆಸೆ. ಗಲ್ಫ್ ದೇಶಗಳಲ್ಲಿ ಬಾಕಿ ಸಾಲಕ್ಕೆ ದೇಶ ಬಿಡದಂತೆ ತಡೆ ಬೀಳಬಹುದು, ಅಲ್ಲಿರುವವರು ಕಂತು ತಪ್ಪುವ ಮೊದಲೇ ಬ್ಯಾಂಕಿನೊಂದಿಗೆ ಮಾತಾಡಿ. ‘ಎಲ್ಲ ಬಿಟ್ಟು ಊರಿಗೆ ಹೋಗಿಬಿಡೋಣ’ ಎಂಬ ಯೋಚನೆ ಬರುತ್ತದೆ, ನನಗೂ ಬಂದಿತ್ತು. ಬ್ರಿಟನ್ನಿನ ಉನ್ನತ ನ್ಯಾಯಾಲಯಗಳ ಹಣದ ತೀರ್ಪನ್ನು ಭಾರತದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿ ಮಾಡಿಸಬಹುದು. ಅದಕ್ಕಿಂತ ಮುಖ್ಯವಾಗಿ, ಫೋನು ಜೊತೆಗೇ ಬರುತ್ತದೆ.

ಈ ಜೂನ್ 3ರಂದು ಆರ್‌ಸಿಬಿ ಕೊನೆಗೂ ಕಪ್ ಗೆದ್ದಿತು. ರೆಡಿಂಗಿನ ಗೆಳೆಯರ ಮನೆಯಲ್ಲಿ ಹತ್ತು ಜನ ಸೇರಿ ನೋಡಿದೆವು. ನನ್ನ ಫೋನ್ ಹೆಂಡತಿಯ ಕೈಚೀಲದಲ್ಲಿತ್ತು. ಕೊನೆಯ ಓವರಿನ ಹೊತ್ತಿಗೆ ಎದೆ ಬಡಿದುಕೊಳ್ಳುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಅದು ಬರೀ ಪಂದ್ಯಕ್ಕಾಗಿ ಬಡಿಯುತ್ತಿತ್ತು.

ಇನ್ನು ಉಳಿದ ಸಾಲ. ಈ ತಿಂಗಳಿನಿಂದ ಅದೇ 640 ಪೌಂಡ್ ಆ ಮೂವರು ಗೆಳೆಯರಿಗೆ ಹೋಗುತ್ತದೆ, ಏಳೆಂಟು ತಿಂಗಳಲ್ಲಿ ಮುಗಿಯುತ್ತದೆ. ಅವರಲ್ಲಿ ಇಬ್ಬರು ನಾಲ್ಕು ವರ್ಷ ಸುಮ್ಮನೆ ಕಾದರು. ಇನ್ನೊಬ್ಬರು ಈಗಲೂ ನನ್ನೊಂದಿಗೆ ಮಾತಾಡುವುದಿಲ್ಲ, ಅವರ ಹಣವೇ ಮೊದಲು ಹೋಗಲಿ ಎಂದು ತೀರ್ಮಾನಿಸಿದ್ದೇವೆ. ಅದಾದ ಮೇಲೆ ಭಾವನ ಸರದಿ. ರೂಪಾಯಿ ಇಳಿದದ್ದರಿಂದ ಅಂದಿನ ಆರು ಲಕ್ಷ ಇಂದು ಪೌಂಡಿನಲ್ಲಿ ಕಡಿಮೆಯಾಗಿದೆ. ಆ ಲಾಭ ನನ್ನದಲ್ಲ. ಆ ಹಣ ಆಗ ಅವರ ಬ್ಯಾಂಕಿನಲ್ಲೇ ಶೇ. 5.4ರ ಎಫ್‌ಡಿಯಾಗಿ ಐದು ವರ್ಷ ಇದ್ದಿದ್ದರೆ 7.8 ಲಕ್ಷ ಆಗುತ್ತಿತ್ತು, ಅಷ್ಟನ್ನೂ ಕೊಡುವುದೆಂದು ಬರೆದಿಟ್ಟಿದ್ದೇನೆ. ಭಾವ ಇವತ್ತಿನವರೆಗೂ ಒಂದು ಸಲವೂ ಕೇಳಿಲ್ಲ. ಅಕ್ಕ ಕೇಳುತ್ತಾಳೆ, ಪ್ರತಿ ಹಬ್ಬಕ್ಕೆ ಫೋನ್ ಮಾಡಿದಾಗಲೂ. ಮುಂದಿನ ವಾರ ದೀಪಾವಳಿ, ಈ ಸಲ ನಾನೇ ಮೊದಲು ಫೋನ್ ಮಾಡಿ ತಾರೀಕು ಹೇಳುವವನಿದ್ದೇನೆ.